ಪರ–ವಿರೋಧ: ಬರಿದಾಗುತ್ತಿರುವ ಹಳ್ಳಿಗೆ ಕಲೋತ್ಸವದಿಂದ ಜೀವ ಬರುತ್ತದೆಯೇ?

ಜಪಾನಿನ ನೀಗಾತ ಪ್ರಾಂತ್ಯದ ಎಚಿಗೊ-ತ್ಸುಮಾರಿ ಗುಡ್ಡಗಾಡಿನಲ್ಲಿ 2000ದಿಂದ ಮೂರು ವರ್ಷಕ್ಕೊಮ್ಮೆ ಸಮಕಾಲೀನ ಕಲೆಯ ಉತ್ಸವ ನಡೆಯುತ್ತಿದೆ. ತೊಕಾಮಾಚಿ ನಗರ, ತ್ಸುನಾನ್ ಪಟ್ಟಣ ಸೇರಿ 760 ಚದರ ಕಿಲೋಮೀಟರು, ಸುಮಾರು 200 ಹಳ್ಳಿ. ಹಳ್ಳಿಗೆ ಕಲೆ ಬೇಕೆನ್ನುವವರೆಲ್ಲ ತೋರಿಸುವ ಮಾದರಿ ಇದು.

ಪರ: ಊರಿಗೆ ಮತ್ತೆ ಕೆಲಸ ಬಂತು

ಉತ್ಸವದ ನಿರ್ದೇಶಕ ಫ್ರಾಮ್ ಕಿತಾಗಾವ ಕೃತಿಗಳನ್ನು ಒಂದೇ ಕಡೆ ಗುಡ್ಡೆ ಹಾಕಲಿಲ್ಲ, ಬೇಕೆಂದೇ ಹಳ್ಳಿಹಳ್ಳಿಗೆ ಹಂಚಿದರು. ನೋಡಬಂದವರು ಗದ್ದೆಯ ಅಂಚು ಹಿಡಿದು, ಊರವರನ್ನು ದಾರಿ ಕೇಳಿಕೊಂಡೇ ಹೋಗಬೇಕು. ಕಲಾವಿದ ಮೆಚ್ಚಿದ ಜಾಗ ಯಾರದೋ ಗದ್ದೆ, ಯಾರದೋ ಮನೆ. ಒಡೆಯರು ಒಪ್ಪದೆ ಗುದ್ದಲಿ ಬೀಳುವಂತಿಲ್ಲ. 1999ಕ್ಕೆ ಆಗಬೇಕಿದ್ದ ಮೊದಲ ಉತ್ಸವ ಒಂದು ವರ್ಷ ಮುಂದಕ್ಕೆ ಹೋಯಿತು, ಸ್ಥಳೀಯ ವಿರೋಧ ಅಷ್ಟಿತ್ತು. ಊರೂರಿನ ಸಭೆಗಳಲ್ಲಿ ಕಳೆದ ಆ ಕಾಲವೇ ಉತ್ಸವದ ಬುನಾದಿ ಎಂದು ನನ್ನ ನಂಬಿಕೆ.

ಮತ್ಸುದಾಯ್ ರೈಲು ನಿಲ್ದಾಣದ ಬಳಿ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ದಂಪತಿಯ ಕೃತಿಯಿದೆ. ಎದುರಿನ ಮೆಟ್ಟಿಲು ಗದ್ದೆಗಳಲ್ಲಿ ಉಳುವವರು, ನಾಟಿ ಮಾಡುವವರು, ಕೊಯ್ಯುವವರ ನೀಲಿ-ಹಳದಿ ಆಕೃತಿಗಳು. ಈಚೆ ಅಟ್ಟಣೆಯಲ್ಲಿ ತೂಗುಬಿಟ್ಟ ಅಕ್ಷರಗಳು. ಸರಿಯಾದ ಜಾಗದಲ್ಲಿ ನಿಂತರೆ ಬೇಸಾಯವನ್ನು ಬಣ್ಣಿಸುವ ಸಾಲುಗಳು ಆಕೃತಿಗಳ ಮೇಲೆ ಬಂದು ಕೂರುತ್ತವೆ. ಸಾಗುವಳಿ ಬಿಡಬೇಕೆಂದಿದ್ದ ಒಡೆಯರು ಮೊದಲು ಒಪ್ಪಿರಲಿಲ್ಲ. ಕೃತಿಯಲ್ಲಿ ತಮ್ಮ ದುಡಿಮೆಯೇ ಇದೆಯೆಂದು ಕಂಡ ಮೇಲೆ ಒಪ್ಪಿದರು, ಸಾಗುವಳಿಯನ್ನೂ ಮುಂದುವರಿಸಿದರು.

ಪಾಳು ಮನೆಗಳಿಗೂ ದಾರಿಯಾಯಿತು. ನಿಹೊನ್ ವಿಶ್ವವಿದ್ಯಾಲಯದ ಶಿಲ್ಪ ವಿದ್ಯಾರ್ಥಿಗಳು ಒಂದು ಹಳೇ ಮನೆಯ ಗೋಡೆ, ನೆಲ, ಕಂಬ, ತೊಲೆಗಳನ್ನು ಎರಡು ವರ್ಷಕ್ಕೂ ಮಿಕ್ಕಿ ಉಳಿ ಹಿಡಿದು ಕೆತ್ತಿದರು. ಒಳಗೆ ಕೈ ಆಡಿಸಿದಲ್ಲೆಲ್ಲ ಉಳಿಯ ಗೆರೆ ತಾಗುತ್ತದೆ. ಇಂದು ಅಲ್ಲಿ ಪ್ರವಾಸಿಗರು ತಂಗುತ್ತಾರೆ. 2004ರಲ್ಲಿ ಇದೇ ಪ್ರಾಂತ್ಯವನ್ನು ನಡುಗಿಸಿದ ಚೂಯೆತ್ಸು ಭೂಕಂಪದ ನಂತರ, 1924ರಲ್ಲಿ ಕಟ್ಟಿದ್ದ ಹುಲ್ಲು ಮಾಡಿನ ಮನೆಯೊಂದಕ್ಕೆ ಕುಂಬಾರಿಕೆಯ ಕಲಾವಿದರು ಒಲೆ, ಬಚ್ಚಲು, ತಟ್ಟೆ ಬಟ್ಟಲುಗಳನ್ನು ಮಾಡಿಕೊಟ್ಟರು. ಅಡುಗೆ ಮಾಡಿ ಬಡಿಸುವವರು ಊರ ಹೆಂಗಸರು.

ತೊಕಾಮಾಚಿಗೆ ನಮ್ಮ ನಂಟೂ ಇದೆ. ಅಲ್ಲಿ ಮುಚ್ಚಿದ ಶಾಲೆಯೊಂದರಲ್ಲಿ 1982ರಿಂದಲೇ ಬಿಹಾರದ ಮಿಥಿಲಾ (ಮಧುಬನಿ) ಚಿತ್ರಗಳ ಸಂಗ್ರಹಾಲಯವಿದೆ. ಆ ಶೈಲಿಯ ಹೆಸರಾಂತ ಕಲಾವಿದೆ ಗಂಗಾದೇವಿ ಅಲ್ಲಿದ್ದು ಚಿತ್ರ ಬರೆದರು.

ಗದ್ದೆಯ ಆಳುಗಳ ಮಾತಿಗೆ ಬಂದರೆ, ಉತ್ಸವದ ಬಳಗವೇ ಕಟ್ಟಿದ ಎಫ್‌ಸಿ ಎಚಿಗೊ-ತ್ಸುಮಾರಿ ಎಂಬ ಮಹಿಳಾ ಫುಟ್‌ಬಾಲ್ ತಂಡವಿದೆ. ಹೊರಗಿನಿಂದ ಬಂದು ನೆಲೆಸಿದ ಆಟಗಾರ್ತಿಯರು ಮುದುಕರು ಕೈಬಿಟ್ಟ ಮೆಟ್ಟಿಲು ಗದ್ದೆಗಳಲ್ಲಿ ದುಡಿಯುತ್ತಾರೆ. ಹಳ್ಳಿಗೆ ಇಪ್ಪತ್ತರ ಹರೆಯದವರನ್ನು ಕರೆತಂದ ಸರ್ಕಾರಿ ಯೋಜನೆಗಳು ಎಷ್ಟಿವೆ?

ವಿರೋಧ: ನೋಡುವವರು ಬಂದರು, ಇರುವವರು ಕಡಿಮೆಯಾದರು

ಮೊದಲ ಉತ್ಸವಕ್ಕೆ ಬಂದವರು ಸುಮಾರು 1.6 ಲಕ್ಷ, 2018ರಲ್ಲಿ 5.4 ಲಕ್ಷಕ್ಕೂ ಹೆಚ್ಚು. ಅದೇ ತೊಕಾಮಾಚಿಯ ಜನಸಂಖ್ಯೆ 2005ರಲ್ಲಿ 62,000ದಷ್ಟಿದ್ದದ್ದು 2020ಕ್ಕೆ 50,000ದ ಆಸುಪಾಸಿಗೆ ಇಳಿಯಿತು. ಉತ್ಸವ ಇಲ್ಲದಿದ್ದರೆ ಇನ್ನೂ ಇಳಿಯುತ್ತಿತ್ತು ಎನ್ನಬಹುದು. ಆದರೆ ‘ಪುನರುಜ್ಜೀವನ’ ಎಂಬ ದೊಡ್ಡ ಮಾತನ್ನು ಈ ಲೆಕ್ಕ ಎತ್ತಿಹಿಡಿಯುವುದಿಲ್ಲ.

ಸಾನಾದ ಎಂಬಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆ 2009ರಲ್ಲಿ ಚಿತ್ರಪುಸ್ತಕಗಳ ಸಂಗ್ರಹಾಲಯವಾಯಿತು. ಶಾಲೆಯ ಕೊನೆಯ ಮೂವರು ಮಕ್ಕಳೇ ಅಲ್ಲಿಯ ಕಥೆಯ ಪಾತ್ರಗಳು. ಇನ್ನೊಂದು ಹಳೇ ಶಾಲೆಯಲ್ಲಿ ಕ್ರಿಸ್ಟಿಯಾನ್ ಬೋಲ್ಟಾನ್ಸ್ಕಿ ಮತ್ತು ಜಾನ್ ಕಾಲ್ಮನ್ ಕತ್ತಲ ಒಳಾಂಗಣ ಕ್ರೀಡಾಂಗಣಕ್ಕೆ ಹುಲ್ಲು ಹರಡಿ, ಬಲ್ಬು, ಫ್ಯಾನುಗಳನ್ನಿಟ್ಟರು. ಎರಡೂ ಮನ ಕಲಕುವ ಕೃತಿಗಳು, ನಿಜ. ಆದರೆ ಶಾಲೆ ಮತ್ತೆ ತೆರೆಯಲಿಲ್ಲ. ಹೋದವರನ್ನು ಚೆನ್ನಾಗಿ ನೆನೆಯುವ ಕಲೆ, ಹೋಗುವವರನ್ನು ತಡೆಯುವುದಿಲ್ಲ.

ಇನ್ನು ಹಿಮ. 1945ರ ಫೆಬ್ರವರಿಯಲ್ಲಿ ತೊಕಾಮಾಚಿಯಲ್ಲಿ ಅದು 4.25 ಮೀಟರ್ ಎತ್ತರ ಬಿದ್ದಿತ್ತು. ಅಲ್ಲಿಯದು ನೀರು ತುಂಬಿದ ಭಾರದ ಹಿಮ. ಮೂರು ಮೀಟರ್ ಕೂತು ಗಟ್ಟಿಯಾದರೆ ಚದರ ಮೀಟರಿಗೆ ಒಂದು ಟನ್ನಿನ ಹತ್ತಿರ. ಸೂರಿನ ಮೇಲಿನದನ್ನು ಚಳಿಗಾಲದುದ್ದಕ್ಕೂ ಮತ್ತೆ ಮತ್ತೆ ಎತ್ತಿಹಾಕದಿದ್ದರೆ ತೊಲೆ ಮುರಿಯುತ್ತದೆ. ನೆಲದ ಹಿಮವೂ ಕುಸಿಯುತ್ತಾ ತನ್ನೊಳಗೆ ಹೂತ ಲೋಹದ ಸರಳು, ಬೇಲಿಗಳನ್ನು ಕೆಳಕ್ಕೆಳೆದು ಬಗ್ಗಿಸುತ್ತದೆ. ಹಾಗಾಗಿ ಬಯಲಿನ ಹಲವು ಕೃತಿಗಳಿಗೆ ಶರತ್ಕಾಲದಲ್ಲಿ ಹಲಗೆ ಕಟ್ಟಬೇಕು ಇಲ್ಲವೇ ಬಿಚ್ಚಿ ಒಳಗಿಡಬೇಕು, ವಸಂತದಲ್ಲಿ ಮತ್ತೆ ಜೋಡಿಸಬೇಕು. ಉತ್ಸವ ಮೂರು ವರ್ಷಕ್ಕೊಮ್ಮೆ (2018ರವರೆಗೆ ಸುಮಾರು ಐವತ್ತು ದಿನ ನಡೆಯುತ್ತಿತ್ತು), ಈ ಕೆಲಸ ಪ್ರತಿ ವರ್ಷ. ‘ಕೊಹೆಬಿ’ ಎಂಬ ಹೆಸರಿನ ಉತ್ಸವದ ಸ್ವಯಂಸೇವಕರು ನೆರವಾಗುತ್ತಾರೆ. ಆದರೆ ದಿನಾ ಬೀಗ ತೆಗೆದು, ಎಲ್ಲ ಕೃತಿಗಳಿಗೂ ಒಂದೇ ಆದ ‘ಪಾಸ್‌ಪೋರ್ಟ್’ ಟಿಕೆಟಿಗೆ ಮುದ್ರೆ ಒತ್ತಿ, ಚಹಾ ಕೊಡುವ ಊರಿನವರಿಗೆ ವಯಸ್ಸಾಗುತ್ತಿದೆ. ಹತ್ತು ಮನೆಯ ಊರಲ್ಲಿ ಇಬ್ಬರು ಹಾಸಿಗೆ ಹಿಡಿದರೆ ಆ ಕೃತಿಯ ಬಾಗಿಲು ತೆರೆಯುವವರಿಲ್ಲ.

ಈ ಮಾದರಿಯನ್ನು ನಕಲು ಮಾಡಹೊರಟವರು ಹೊಸ ಕೃತಿಯ ಬಜೆಟ್ ಬರೆಯುತ್ತಾರೆ, ನಿರ್ವಹಣೆಯದು ಬರೆಯುವುದಿಲ್ಲ. ಕೃತಿ ನಿಲ್ಲಿಸುವ ಮೊದಲೇ ಊರಿನೊಂದಿಗೆ ಲಿಖಿತ ಒಪ್ಪಂದ ಆಗಬೇಕು: ಹಿಮ ಎತ್ತುವವರು ಯಾರು, ಅವರಿಗೆ ಕೂಲಿ ಎಷ್ಟು, ಬೀಗದ ಕೈ ಯಾರ ಬಳಿ, ಎಷ್ಟು ವರ್ಷ, ಊರು ಸಾಕೆಂದ ದಿನ ಯಾರ ಖರ್ಚಿನಲ್ಲಿ ಕಳಚಬೇಕು. ಅದಕ್ಕೆ ಒಪ್ಪದ ಆಯೋಜಕರನ್ನು ಗ್ರಾಮಸಭೆ ಹಿಂದಕ್ಕೆ ಕಳಿಸಬೇಕು.