ಒಂದು ಬ್ಲೇಡಿಗೆ ಇಷ್ಟು ಅಲೆಯಬೇಕಾ?

ಕೊಪ್ಪಳದಲ್ಲಿ ಸ್ಕ್ರೋಲ್ ಸಾ (ಹಲಗೆಯಲ್ಲಿ ಕುಸುರಿ ಕೊಯ್ಯುವ ಗರಗಸದ ಮಷಿನ್) ಬ್ಲೇಡ್ ಕೇಳಿದರೆ ಪ್ರತಿಸಲ ಕೈಯಲ್ಲಿ ಹಿಡಿದು ಕೊಯ್ಯುವ ಜಿಗ್‌ಸಾ ಬ್ಲೇಡನ್ನೇ ಕೈಗಿಡುತ್ತಾರೆ. ಅದಲ್ರಿ ಅಣ್ಣಾರ, 5 ಇಂಚು ಉದ್ದ, ದಾರದಷ್ಟು ಸಣ್ಣದು, ಎರಡೂ ತುದಿಯನ್ನು ಮಷಿನ್ ಹಿಡಿದುಕೊಳ್ಳುತ್ತದೆ ಅಂತ ಬಿಡಿಸಿ ಹೇಳಿದರೂ "ಇದ್ರಾಗೂ ಕಟ್ಟಿಗಿ ಕೊಯ್ಯಾಕ ಬರ್ತೈತಲ್ರಿ" ಅನ್ನುತ್ತಾರೆ. ಪಕ್ಕದ ಕಿನ್ನಾಳದ ಮರದ ಗೊಂಬೆ ಇಷ್ಟು ಹೆಸರುವಾಸಿ, ಅಂಥ ಜಿಲ್ಲೆಯಲ್ಲಿ ನನಗೊಂದು ಬ್ಲೇಡ್ ಸಿಗುತ್ತಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದೆ. ಬಂದದ್ದು ತುದಿಗೆ ಪಿನ್ ಇರುವ ಬ್ಲೇಡ್! ಒಳಗಿನ ಡಿಸೈನ್ ಕೊಯ್ಯಲು ಬ್ಲೇಡನ್ನು ಮೊದಲು ತೂತಿನಲ್ಲಿ ತೂರಿಸಬೇಕು, ಆ ಪಿನ್ ಹೋಗಬೇಕಂದ್ರೆ ದೊಡ್ಡ ತೂತೇ ಬೇಕು. ನಾನು ಮಾಡುತ್ತಿರುವುದು ಇಟಗಿ ಮಹಾದೇವ ಗುಡಿಯ ಕುಸುರಿ. 1112ರಲ್ಲಿ ಕಲ್ಲಲ್ಲೇ ಅಷ್ಟು ನಾಜೂಕಾಗಿ ಬಿಡಿಸಿದ್ದಾರೆ, ನಾನು ಪ್ಲೈವುಡ್‌ಗೆ ಕಡಲೆಕಾಳಿನಷ್ಟು ತೂತು ಹಾಕಿದರೆ ಬಳ್ಳಿ ಎಲ್ಲಿ ಉಳಿಯುತ್ತೆ?

ಪ್ಲೈವುಡ್‌ನ ಅಂಟಿಗೆ ಬ್ಲೇಡ್ ಬೇಗ ಮೊಂಡಾಗುತ್ತದೆ, ಹಾಗಾಗಿ ಒಂದೆರಡು ಸಾಲಲ್ಲ. ಇನ್ನು ನಮ್ಮ ಹವ್ಯಾಸಿಗಳು ಚೆಂದದ ಫೋಟೊ ಹಂಚುತ್ತಾರೆ, ಆದರೆ ಯಾವ ನಂಬರಿನ ಬ್ಲೇಡ್, ಹಲಗೆ ಎಷ್ಟು ದಪ್ಪ ಅಂತ ಯಾರೂ ಬರೆಯುವುದಿಲ್ಲ. ಕೇಳಿದರೆ ಸುಮ್ನೆ ಕೈ ಮುಗಿಯುವ ಚಿತ್ರ ಕಳಿಸ್ತಾರೆ. ದಯವಿಟ್ಟು ಆ ಎರಡು ನಂಬರ್ ಬರೀರಿ. ಎಲ್ಲಿ ತಗೊಂಡ್ರಿ ಅನ್ನೋದನ್ನೂ.