ಯಾರ ಎರಡು ಬೆರಳು?

ಕುದುರೆಯ ತಲೆಗೆ ತೊಡಿಸುವ ಕಡಿವಾಣದ ಪಟ್ಟಿಗಳ ಅಳತೆ ಹೆಚ್ಚಾಗಿ ಇಂದಿಗೂ ಕೈಬೆರಳಿನಲ್ಲೇ ಇದೆ. ಮೂಗುಪಟ್ಟಿಯ ಒಳಗೆ ಎರಡು ಬೆರಳು ಆಡಬೇಕು. ಗಂಟಲಪಟ್ಟಿಯೊಳಗೆ ಒಂದು ಮುಷ್ಟಿ ಹಿಡಿಸಬೇಕು. ಮೂಗುಪಟ್ಟಿ ಕೂರಬೇಕಾದದ್ದು ಕೆನ್ನೆಮೂಳೆಯ ಏಣು ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ. ದೇಶಕ್ಕೆ ಸೆಂಟಿಮೀಟರ್ ಬಂದು ಎಷ್ಟೋ ಕಾಲವಾಯಿತು, ಲಾಯದ ಬಾಗಿಲಲ್ಲಿ ಮಾತ್ರ ಅದನ್ನು ಯಾರೋ ತಡೆದು ನಿಲ್ಲಿಸಿದ್ದಾರೆ.

ಇಷ್ಟೆಲ್ಲ ನನಗೆ ತಿಳಿದದ್ದು ಅಕ್ಕನ ಮಗಳ ದೆಸೆಯಿಂದ. ಕಂಪ್ಯೂಟರ್ ಮುಂದೆ ಕೂತು ಗಳಿಸಿದ್ದನ್ನು ಅವಳು ಹುರುಳಿ, ಹುಲ್ಲು ಮತ್ತು ಲಾಳಗಳಿಗೆ ಸುರಿಯುತ್ತಾಳೆ. ದೊಡ್ಡಬಳ್ಳಾಪುರದ ಕಡೆ ಒಂದು ಲಾಯದಲ್ಲಿ ಅವಳ ಹೆಣ್ಣುಕುದುರೆ ಇದೆ. ರೇಸಿನಿಂದ ನಿವೃತ್ತಿಯಾಗಿ ಬಂದದ್ದು. ಓಡುವ ದಿನಗಳಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ, ಈಗ ಬಂಗಾರಿ. ಒಂದು ದಿನ ನನ್ನ ಈ ಸೋದರಸೊಸೆಗೆ ಕುದುರೆಯ ಬಾಯಿಯ ಚಿತ್ರ ಕಣ್ಣಿಗೆ ಬಿತ್ತು. ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಬರಿ ಒಸಡು. ಕಡಿವಾಣದ ಕಬ್ಬಿಣ ಕೂರುವುದು ಅಲ್ಲಿಯೇ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಬ್ಬಿಣವಿಲ್ಲದ ಕಡಿವಾಣಕ್ಕೆ ಹಣ ಕಟ್ಟಿಯಾಗಿತ್ತು.

ಬಂದ ಪೆಟ್ಟಿಗೆಯಲ್ಲಿ ಇದ್ದದ್ದು ಚರ್ಮದ ಪಟ್ಟಿಗಳ ಒಂದು ದೊಡ್ಡ ಸಿಕ್ಕು. ಅಮೆರಿಕದಲ್ಲಿ ಪಶುವೈದ್ಯಕೀಯ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಕುಕ್ ಎಂಬವರು ಪ್ರಚಾರಕ್ಕೆ ತಂದ ಬಗೆ ಇದು. ನೆತ್ತಿಯಿಂದ ಇಳಿದ ಎರಡು ಪಟ್ಟಿಗಳು ಗದ್ದದ ಕೆಳಗೆ ಒಂದನ್ನೊಂದು ದಾಟಿ, ಮೂಗುಪಟ್ಟಿಯ ಉಂಗುರಗಳಲ್ಲಿ ತೂರಿ ಲಗಾಮಿಗೆ ಸೇರುತ್ತವೆ. ಬಲ ಲಗಾಮು ಎಳೆದರೆ ಒತ್ತಡ ಬೀಳುವುದು ಎಡಗೆನ್ನೆಯ ಮೇಲೆ. ಸೊಸೆ ಇದನ್ನು ಬಹಳ ಶ್ರದ್ಧೆಯಿಂದ ವಿವರಿಸಿದಳು. ಲಾಯದ ಸಾಯಿಸ್, ಅಂದರೆ ಮೂವತ್ತು ವರ್ಷ ಕುದುರೆ ತಿಕ್ಕಿ ನೋಡಿಕೊಂಡ ಆಳು, ಕೇಳಿಸಿಕೊಂಡು, "ಗೊತ್ತಾಯಿತು ಬಿಡಿ ಅಮ್ಮಾ. ಬಲಕ್ಕೆ ನೋಡು ಅನ್ನುವುದಕ್ಕೆ ಎಡಗೆನ್ನೆಗೆ ಕೊಡುವುದು. ನಮ್ಮ ಶಾಲೆಯ ಮೇಷ್ಟರೂ ಇದನ್ನೇ ಮಾಡುತ್ತಿದ್ದರು" ಎಂದ.

ಜಗಳ ಶುರುವಾದದ್ದು ಎರಡು ಬೆರಳಿನಿಂದ. ಸೊಸೆಯ ಬೆರಳು ಕೀಲಿಮಣೆಯ ಮೇಲೆ ಬೆಳೆದವು, ಸಾಯಿಸನವು ನೇಂದ್ರ ಬಾಳೆಕಾಯಿಯಂಥವು. ಅವಳ ಅಳತೆಗೆ ಬಕಲ್ ಒಂದು ತೂತಿಗೆ ಬಿದ್ದರೆ, ಅವನ ಅಳತೆಗೆ ಇನ್ನೂ ಎರಡು ತೂತು ಸಡಿಲ. ಅವಳು ಬಿಗಿದು ಅತ್ತ ತಿರುಗುತ್ತಿದ್ದಂತೆ ಇವನು ಸಡಿಲಿಸುತ್ತಿದ್ದ. ಇಬ್ಬರೂ ನನ್ನ ಬೆರಳನ್ನು ಸಾಕ್ಷಿಗೆ ಕರೆದರು. ನಾನು ಬ್ಯಾಂಕಿನಲ್ಲಿದ್ದವನು, ನೋಟು ಎಣಿಸಿ ಸವೆದ ಬೆರಳು, ಯಾವ ಪಕ್ಷಕ್ಕೂ ಉಪಯೋಗವಾಗಲಿಲ್ಲ. ಅಳತೆ ನೋಡುವ ಜಾಗದಲ್ಲೂ ಮೋಸವಿದೆ. ಪಕ್ಕದಲ್ಲಿ ಮೆತ್ತನೆಯ ಕೆನ್ನೆ, ಎಷ್ಟು ಬಿಗಿದರೂ ಬೆರಳು ಜಾರಿಬಿಡುತ್ತದೆ. ನಿಜ ಹೇಳುವುದು ಮೂಗಿನ ನೆತ್ತಿಯ ಮೂಳೆ ಮಾತ್ರ. ನಮ್ಮ ಲಾಯದ ಕಥೆ ಹಾಗಿರಲಿ, ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವೂ ಈ ಬೆರಳಿನ ತಕರಾರು ತಾಳಲಾರದೆ 2025ರಲ್ಲಿ ಮೂಗುಪಟ್ಟಿ ಅಳೆಯಲೆಂದೇ ಒಂದು ಉಪಕರಣವನ್ನು ಜಾರಿಗೆ ತಂದಿತು. ಸೊಸೆ ಅದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಸಾಯಿಸ್ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಯಾರ ಬೆರಳು ನೋಡಿ ಮಾಡಿದರು?"

ಪಟ್ಟಿ ಎಷ್ಟು ಕೆಳಗೆ ಕೂರಬೇಕೆಂಬುದು ತಮಾಷೆಯ ವಿಷಯವಲ್ಲ. ಕುದುರೆ ನಮ್ಮ ಹಾಗೆ ಬಾಯಲ್ಲಿ ಉಸಿರಾಡಲಾರದು. ಮೂಗಿನ ಮೂಳೆ ಮುಗಿದು ಮೆತ್ತಗಾಗುವಲ್ಲಿಗೆ ಪಟ್ಟಿ ಇಳಿದರೆ ಉಸಿರಿಗೇ ಸಂಚಕಾರ. ಆದ್ದರಿಂದ ಗುರುತು ಹಾಕೋಣ ಎಂದಳು ಸೊಸೆ. ಸಾಯಿಸ್ ಲಾಯದ ಆಂಜನೇಯನ ಪಟದ ಮುಂದಿದ್ದ ಕುಂಕುಮವನ್ನು ನೀರಿನಲ್ಲಿ ಕಲಸಿ ಬಂಗಾರಿಯ ಮೂಗಿಗೆ ಅಡ್ಡಗೆರೆ ಎಳೆದ. ಬಂಗಾರಿ ಒಮ್ಮೆ ಸೀನಿ, ಗೆರೆಯನ್ನು ಪೂರ್ತಿಯಾಗಿ ನನ್ನ ಬಿಳಿ ಅಂಗಿಗೆ ವರ್ಗಾಯಿಸಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಕಂಡಕ್ಟರ್ ಬಹಳ ಭಕ್ತಿಯಿಂದ, ಯಾವ ಊರಿನ ಜಾತ್ರೆ ಎಂದು ವಿಚಾರಿಸಿದರು.

ಕೊಳ್ಳುವ ಕಡಿವಾಣದ ಅಳತೆಗೂ ಹೆಸರುಗಳಿವೆ: ಸಣ್ಣದು ಪೋನಿ, ನಡುವಿನದು ಕಾಬ್, ದೊಡ್ಡದು ಫುಲ್. ಬಂಗಾರಿಯ ಮೂಗು ಕಾಬ್, ಹಣೆ ಫುಲ್. ಹಣೆಪಟ್ಟಿ ಗಿಡ್ಡವಾಗಿ ಕಿವಿಯ ಬುಡ ಹಿಂಡಿತು, ಅವಳು ತಲೆ ಕೊಡವಿದಳು, ಕೊಡವಿದ್ದಕ್ಕೆ ಕೆನ್ನೆಪಟ್ಟಿ ಜಾರಿ ಕಣ್ಣಿನ ಹತ್ತಿರ ಬಂತು. ಕೊನೆಗೆ ಹಳೆಯ ಕಡಿವಾಣದ ಹಣೆಪಟ್ಟಿಯನ್ನೇ ಬಿಚ್ಚಿ ಇದಕ್ಕೆ ಸೇರಿಸಿದರು. ಬಣ್ಣ ಹೊಂದಲಿಲ್ಲ ಎಂಬ ದುಃಖ ಸೊಸೆಗೆ ಮಾತ್ರ.

ಸವಾರಿ ಚೆನ್ನಾಗಿಯೇ ಆಯಿತು. ತಿರುಗೆಂದರೆ ತಿರುಗಿದಳು, ನಿಲ್ಲೆಂದರೆ ನಿಂತಳು. ನಿಂತ ಜಾಗ ಮಾತ್ರ ಪಕ್ಕದ ರಾಗಿ ಹೊಲದ ಬದು, ತೆನೆ ಬಲಿತ ಕಾಲ. ಕಬ್ಬಿಣವಿದ್ದಾಗಲೂ ಬಂಗಾರಿ ಮೇಯುತ್ತಿದ್ದಳು, ಆದರೆ ಕಟಕಟ ಸದ್ದು ಮಾಡಿಕೊಂಡು, ನಾಲ್ಕು ತುತ್ತಿಗೆ ಎರಡು ತುತ್ತು ಉದುರಿಸಿಕೊಂಡು. ಈಗ ಬಾಯಿ ಖಾಲಿ. ಸೊಸೆ ಬಲ ಎಳೆದರೆ ಬಲಗಡೆಯ ತೆನೆ, ಎಡ ಎಳೆದರೆ ಎಡಗಡೆಯ ತೆನೆ. ಎರಡೂ ಎಳೆದಾಗ ತಲೆಯನ್ನೇನೋ ಎತ್ತಿದಳು, ಬಾಯಲ್ಲಿದ್ದ ಬುಡಸಮೇತದ ಪೈರೂ ಜೊತೆಗೇ ಎದ್ದಿತು.

ಹೊಲದ ಯಜಮಾನ ಓಡಿ ಬಂದ. ನಷ್ಟಕ್ಕೆ ಎರಡು ಗಾಡಿ ಲದ್ದಿಗೊಬ್ಬರ ಎಂದು ಸಾಯಿಸ್ ಮೊದಲೇ ಒಪ್ಪಿಸಿದ್ದರಿಂದ ಬೈಗುಳ ಸಣ್ಣದರಲ್ಲೇ ಮುಗಿಯಿತು. ಸೊಸೆ ಅವನಿಗೂ ಒಸಡು, ಮೂಳೆ, ಒತ್ತಡಗಳ ಪಾಠ ಮಾಡಿದಳು. ಅವನು ಪೂರ್ತಿ ಕೇಳಿ, "ಕಬ್ಬಿಣ ತೆಗೆದಿರಿ ತಾಯಿ, ಪುಣ್ಯ ಬರಲಿ. ಬಾಯಿಗೊಂದು ಕುಕ್ಕೆ ಹಾಕಬೇಕಿತ್ತು" ಎಂದು ಕೊಟ್ಟಿಗೆಗೆ ಹೋಗಿ, ಉಳುವಾಗ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯನ್ನು ತಂದು ಬಂಗಾರಿಯ ಮೂತಿಗೆ ಹಿಡಿದು ನೋಡಿದ. ಸಾಯಿಸ್ ತಕ್ಷಣ ಎರಡು ಬೆರಳು ತೂರಿಸಿದ. ಇಡೀ ಕೈ ಒಳಗೆ ಹೋಯಿತು. ಸೊಸೆ ಮೊಬೈಲ್ ತೆಗೆದು ಕಾಬ್ ಅಳತೆಯ ಕುಕ್ಕೆ ಹುಡುಕುತ್ತಿದ್ದರೆ, ಬಂಗಾರಿ ಕುಕ್ಕೆಯ ಹಗ್ಗವನ್ನೇ ಅಗಿಯತೊಡಗಿದಳು.