ಟಾರ್ಗೆಟ್ ಕೊಡುವವರ ಮಾರ್ಕ್ಸ್ ಕಾರ್ಡ್ ಎಲ್ಲಿ?

ಷೇರುಪೇಟೆ ಪಂಡಿತರ ಮಾತು ಸುಳ್ಳಾದರೆ ನನಗೇನೂ ಬೇಸರವಿಲ್ಲ. ನಾಳೆ ಏನಾಗುತ್ತದೆ ಎಂದು ಯಾರಿಗೆ ಗೊತ್ತು? ಆದರೆ ಅವರು ಹೇಳಿದ್ದನ್ನು ಬರೆದಿಟ್ಟು, ವರ್ಷ ಕಳೆದ ಮೇಲೆ ತೆಗೆದು ನೋಡುವ ಅಭ್ಯಾಸ ನಮ್ಮ ಟಿವಿಗಳಿಗೆ ಇಲ್ಲವಲ್ಲ, ಅದು ನನ್ನ ತಕರಾರು.

2024ರ ಜೂನ್ ಮೊದಲ ವಾರ ನೆನಪು ಮಾಡಿಕೊಳ್ಳಿ. ಶನಿವಾರ ಸಂಜೆ ಎಕ್ಸಿಟ್ ಪೋಲ್ ಬಂತು. ಸೋಮವಾರ ಸೆನ್ಸೆಕ್ಸ್ ಸುಮಾರು 2,500 ಅಂಕ ಜಿಗಿಯಿತು. ಬಿಸಿನೆಸ್ ಚಾನೆಲ್‌ಗಳಲ್ಲಿ ಹಬ್ಬವೋ ಹಬ್ಬ. ಮಂಗಳವಾರ ಮತ ಎಣಿಕೆ ಶುರುವಾಯಿತು. ಬಿಜೆಪಿಗೆ ಸ್ವಂತ ಬಲದ ಬಹುಮತ ಇಲ್ಲ ಎಂದು ಗೊತ್ತಾಗುತ್ತಿದ್ದಂತೆ ಅದೇ ಸೆನ್ಸೆಕ್ಸ್ 4,390 ಅಂಕ ಬಿದ್ದು 72,079ಕ್ಕೆ ಬಂತು. ಅವತ್ತು ಹೆದರಿ ಮಾರಿದವರ ಕತೆ ಕೇಳಲೇಬೇಡಿ. ಯಾಕಂದ್ರೆ ಶುಕ್ರವಾರದ ಹೊತ್ತಿಗೆ ಅದು 76,693, ಹೊಸ ದಾಖಲೆ! ಆ ಐದೂ ದಿನ ಟಿವಿಯಲ್ಲಿ ಅವೇ ಮುಖಗಳು. ಏರಿದ ದಿನವೂ ಕಾರಣ ರೆಡಿ, ಬಿದ್ದ ದಿನವೂ ಕಾರಣ ರೆಡಿ.

ಅವರ ಮಾತಿನ ವರಸೆ ಸ್ವಲ್ಪ ಗಮನಿಸಿ. 'ನಿಫ್ಟಿ ಈ ಸಪೋರ್ಟ್ ಮೇಲೆ ನಿಂತರೆ ಇನ್ನಷ್ಟು ಏರಬಹುದು, ಸಪೋರ್ಟ್ ಮುರಿದರೆ ಒತ್ತಡ ಜಾಸ್ತಿಯಾಗಬಹುದು.' (ಸಪೋರ್ಟ್ ಅಂದರೆ ಸೂಚ್ಯಂಕ ಇದಕ್ಕಿಂತ ಕೆಳಗೆ ಇಳಿಯಲಿಕ್ಕಿಲ್ಲ ಎಂದು ಅವರು ಅಂದಾಜಿಸುವ ಮಟ್ಟ.) ಅಲ್ಲ ಸ್ವಾಮಿ, ಏರದಿದ್ದರೆ ಬೀಳಲೇಬೇಕು ಅಲ್ವಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇನ್ನೊಂದು, 'ಲಾಂಗ್ ಟರ್ಮ್‌ಗೆ ಚೆನ್ನಾಗಿದೆ'. ಲಾಂಗ್ ಟರ್ಮ್ ಅಂದರೆ ಎಷ್ಟು ವರ್ಷ ಎಂದು ಆ್ಯಂಕರ್ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಟಾರ್ಗೆಟ್, ಅಂದರೆ ಇಷ್ಟಕ್ಕೆ ಮುಟ್ಟುತ್ತದೆ ಎಂಬ ನಂಬರ್, ಇದ್ದರೆ ತಾರೀಖು ಇರುವುದಿಲ್ಲ. ತಾರೀಖು ಇದ್ದರೆ ಟಾರ್ಗೆಟ್ ಇರುವುದಿಲ್ಲ.

ಎರಡನ್ನೂ ಧೈರ್ಯವಾಗಿ ಹೇಳುವವರು ವಾಲ್ ಸ್ಟ್ರೀಟ್‌ನಲ್ಲಿದ್ದಾರೆ. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ವರ್ಷದ ಕೊನೆಗೆ ಅಮೆರಿಕದ ಷೇರು ಸೂಚ್ಯಂಕ ಎಸ್ ಆ್ಯಂಡ್ ಪಿ 500 ಎಷ್ಟರಲ್ಲಿರುತ್ತದೆ ಎಂದು ಮೊದಲೇ ನಂಬರ್ ಕೊಡುತ್ತಾರೆ. 2023ಕ್ಕೆ ಮಾರ್ಗನ್ ಸ್ಟಾನ್ಲಿ ಬ್ಯಾಂಕಿನ ಮೈಕ್ ವಿಲ್ಸನ್ ಕೊಟ್ಟಿದ್ದು 3,900. ಅದರ ಹಿಂದಿನ ವರ್ಷದ ಕುಸಿತವನ್ನು ಸರಿಯಾಗಿ ಊಹಿಸಿ ದೊಡ್ಡ ಹೆಸರು ಮಾಡಿದ್ದವರು. ವರ್ಷ ಮುಗಿದಾಗ ಸೂಚ್ಯಂಕ 4,769ರ ಮೇಲಿತ್ತು. ಅಮೆರಿಕದ್ದೇ ಸಿಎಕ್ಸ್‌ಒ ಅಡ್ವೈಸರಿ ಎಂಬ ಸಂಸ್ಥೆ 68 ಪಂಡಿತರ 6,500ಕ್ಕೂ ಹೆಚ್ಚು ಭವಿಷ್ಯಗಳನ್ನು ಕೂತು ತಾಳೆ ನೋಡಿತ್ತು. ನಿಜವಾಗಿದ್ದು ಸುಮಾರು 47%. ಅರ್ಧಕ್ಕಿಂತ ಕಮ್ಮಿ.

ಒಮ್ಮೆ ಸರಿಯಾಗಿ ಹೇಳಿದವರ ಬಗ್ಗೆ ನನಗೆ ಇನ್ನೂ ಜಾಸ್ತಿ ಭಯ. 1981ರ ಜನವರಿಯಲ್ಲಿ, ಅಮೆರಿಕದಲ್ಲಿ ಷೇರು ಸಲಹೆಯ ಪತ್ರಿಕೆ ನಡೆಸುತ್ತಿದ್ದ ಜೋ ಗ್ರಾನ್‌ವಿಲ್ ತನ್ನ ಚಂದಾದಾರರಿಗೆ ಎಲ್ಲವನ್ನೂ ಮಾರಿಬಿಡಿ ಎಂದ. ಮರುದಿನವೇ ಪೇಟೆ ಬಿತ್ತು. (ಅವನು ಹೇಳಿದ್ದಕ್ಕೇ ಬಿತ್ತು ಅನ್ನಿ.) 1982ರ ಆಗಸ್ಟ್‌ನಲ್ಲಿ ವರ್ಷಗಟ್ಟಲೆ ನಡೆದ ಏರಿಕೆ ಶುರುವಾದಾಗಲೂ ಅವನದು ಅದೇ ರಾಗ, ಬೀಳುತ್ತದೆ, ಬೀಳುತ್ತದೆ.

ಇನ್ನು ಟೆಲಿಗ್ರಾಂ ಗುರುಗಳ ಹಳೇ ಆಟ. 1,024 ಜನರಿಗೆ ಮೆಸೇಜ್ ಹೋಗುತ್ತದೆ. ಅರ್ಧ ಜನಕ್ಕೆ 'ಈ ವಾರ ಬ್ಯಾಂಕ್ ನಿಫ್ಟಿ ಏರುತ್ತದೆ', ಉಳಿದವರಿಗೆ 'ಬೀಳುತ್ತದೆ'. ಸುಳ್ಳಾದ ಗುಂಪನ್ನು ಸುಮ್ನೆ ಬಿಟ್ಟುಬಿಡುವುದು. ಉಳಿದವರಿಗೆ ಮುಂದಿನ ವಾರ ಮತ್ತೆ ಅರ್ಧ-ಅರ್ಧ. ಐದು ವಾರ ಕಳೆದ ಮೇಲೆ 32 ಜನರ ಪಾಲಿಗೆ ಇವನು ದೇವರು. ಆರನೇ ವಾರ ಫೀಸ್ ಕೇಳುತ್ತಾನೆ! ಮೋಸದ ಉದ್ದೇಶ ಇಲ್ಲದಿದ್ದರೂ ಇದೇ ಆಗುತ್ತದೆ. ಸಾವಿರ ಜನ ಬಾಯಿಗೆ ಬಂದದ್ದು ಹೇಳುತ್ತಿದ್ದರೆ ಒಂದಿಷ್ಟು ಜನರದ್ದು ಸತತವಾಗಿ ನಿಜವಾಗಲೇಬೇಕು. ಟಿವಿಯವರು ಕರೆಯುವುದು ಅವರನ್ನೇ.

ಮೋಸದ ಉದ್ದೇಶ ಇದ್ದರಂತೂ ಕೇಳುವುದೇ ಬೇಡ. ಹಿಂದಿ ಬಿಸಿನೆಸ್ ಚಾನೆಲ್ ಒಂದರ ಅತಿಥಿಗಳು ತಾವು ಹೇಳಲಿರುವ ಷೇರಿನ ಹೆಸರನ್ನು ಕಾರ್ಯಕ್ರಮಕ್ಕೆ ಮುಂಚೆಯೇ ಬೇರೆಯವರಿಗೆ ಕೊಟ್ಟು ಲಾಭ ಮಾಡಿಸಿದ ಆರೋಪದ ಮೇಲೆ 2024ರ ಫೆಬ್ರವರಿಯಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಮಧ್ಯಂತರ ಆದೇಶ ಹೊರಡಿಸಿತ್ತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪರದೆಯ ಮೇಲೆ ಅತಿಥಿಯ ಹೆಸರಿನ ಕೆಳಗೆ, ಹೋದ ವರ್ಷ ಇದೇ ಚಾನೆಲ್‌ನಲ್ಲಿ ಅವರು ಕೊಟ್ಟ ಹತ್ತು ಟಾರ್ಗೆಟ್ ಮತ್ತು ಆ ಷೇರುಗಳ ಇವತ್ತಿನ ಬೆಲೆ ಹಾಕಲಿ. ಖರ್ಚೇನಿಲ್ಲ, ರೆಕಾರ್ಡಿಂಗ್ ಅವರ ಹತ್ತಿರವೇ ಇರುತ್ತದೆ. ಮತ್ತೆ ನನಗೆ ದಿನಾ ಬೆಳಗ್ಗೆ ಇಂಥ ಕ್ಲಿಪ್ ಫಾರ್ವರ್ಡ್ ಮಾಡುವ ಸ್ನೇಹಿತರೇ, ಜೊತೆಗೆ ಅದೇ ಮನುಷ್ಯನ ಹೋದ ವರ್ಷದ ಕ್ಲಿಪ್ಪನ್ನೂ ಹುಡುಕಿ ಕಳಿಸಿ. ಎರಡನ್ನೂ ನೋಡುತ್ತೇನೆ, ಪ್ರಾಮಿಸ್.